ನೀರು ಮಲಗಿದೆ

ಈ ಪೇಟೆಗೆ ನೀರು ಬಿಡುವವನು ನಾನು.
ಭೇತ್ರಿಯಲ್ಲಿ ಕಾವೇರಿಯನ್ನು ಎತ್ತಿ
ಕೊಳವೆಯೊಳಗೆ ಗುಡ್ಡ ಹತ್ತಿಸಿ
ಟ್ಯಾಂಕಿಗೆ ತುಂಬಿಸಿ, ಬ್ಲೀಚಿಂಗ್ ಪುಡಿ ಕದಡಿ
ಐದೂವರೆಗೆ ವಾಲ್ವ್ ತಿರುಗಿಸಿದರೆ
ವಿರಾಜಪೇಟೆ ಮುಖ ತೊಳೆಯುತ್ತದೆ.
ಹದಿನೇಳು ವರ್ಷವಾಯಿತು. ನನ್ನ ಮೂಗಿಗೆ
ಆ ವಾಸನೆ ಹತ್ತುವುದಿಲ್ಲ;
ಹೆಂಡತಿಗೆ ಹತ್ತುತ್ತದೆ, ನನ್ನ ಅಂಗಿಯಿಂದ.

ಹೋದ ಕಕ್ಕಡದಲ್ಲಿ ಹೊಳೆ ಚಹಾದ ಬಣ್ಣಕ್ಕೆ ತಿರುಗಿತು.
ಕೆಳಗಿನ ಓಣಿಯಲ್ಲಿ ಮೂವರಿಗೆ ವಾಂತಿಭೇದಿ.
"ಡೋಸ್ ಏರಿಸಿ, ಪೂವಯ್ಯ" ಎಂದರು ಇಂಜಿನಿಯರ್.
ಏರಿಸಿದೆ.
ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಹನಿ ಬಿಟ್ಟರೆ
ದಿನವೂ ಬರುವ ತೆಳು ಹಳದಿಯಲ್ಲ,
ಕಿತ್ತಳೆ, ಮಾಗಿದ ಸಿಪ್ಪೆಯ ಬಣ್ಣ.
ಇನ್ನು ಯಾರೂ ಸಾಯುವುದಿಲ್ಲ ಅಂದುಕೊಂಡೆ.
ನಿಜ ಹೇಳಬೇಕೆಂದರೆ, ಸ್ವಲ್ಪ ಜಂಬವೂ ಬಂತು.

ಅದೇ ಬೆಳಿಗ್ಗೆ ಮನೆಯಲ್ಲಿ ದೇಚು
ಮೀನಿನ ಪೆಟ್ಟಿಗೆ ತೊಳೆಯುತ್ತಿದ್ದಳು.
ಒಂಬತ್ತು ವರ್ಷದ ಕೈ, ಅರ್ಧಕ್ಕೆ ನಿಲ್ಲಿಸಿ ಗೊತ್ತಿಲ್ಲ:
ಹಳೆ ನೀರನ್ನೆಲ್ಲ ಚೆಲ್ಲಿ, ಕಲ್ಲು ಉಜ್ಜಿ,
ಫಿಲ್ಟರಿನ ಸ್ಪಂಜು ಬಿಳಿಯಾಗುವ ತನಕ ಹಿಂಡಿ,
ನಲ್ಲಿಯಿಂದ ನೇರ ತುಂಬಿದಳು.
ಸಂಜೆ ನಾನು ಬಂದಾಗ
ಐದೂ ಮೇಲೆ ತೇಲುತ್ತಿದ್ದವು,
ಬಾಯಿ ತೆರೆದು, ಏನೋ ಕೇಳುವ ಹಾಗೆ.
ಕೇಳಿದ್ದು ದೇಚು:
"ನೀರಿಗೆ ಯಾರಾದರೂ ಏನಾದರೂ ಹಾಕಿದ್ದಾರಾ ಅಪ್ಪ?"
ನಾನು ಕೈ ತೊಳೆಯಲು ಎದ್ದು ಹೋದೆ.
ಅದೇ ನಲ್ಲಿ.

ರಾತ್ರಿ ಹೇಳಿದೆ. ಅವಳು ಅಳಲಿಲ್ಲ,
ಎರಡು ದಿನ ನನ್ನ ಲೋಟಕ್ಕೆ ನೀರು ಬಡಿಸಲಿಲ್ಲ.

ಮೊಯ್ದು ಕಾಕನ ಸ್ಟುಡಿಯೋದಲ್ಲಿ ಈಗ ಜೆರಾಕ್ಸ್ ಮಾತ್ರ.
ಕತೆ ಕೇಳಿ, ಒಳಗಿನ ಕತ್ತಲೆ ಕೋಣೆಗೆ ಹೋಗಿ
ತುಕ್ಕು ಹಿಡಿದ ಡಬ್ಬಿ ತಂದಿಟ್ಟ.
ಹೈಪೋ. ಕಲ್ಲುಸಕ್ಕರೆಯಂಥ ಹರಳು.
"ಫೋಟೋ ಮಾಸಬಾರದು ಅಂತ ಅದ್ದುತ್ತಿದ್ದೆ ಇದರಲ್ಲಿ,
ನಿನ್ನ ಮದುವೆಯದನ್ನೂ.
ಬಕೆಟಿಗೆ ಒಂದೇ ಹರಳು ಹಾಕು,
ನಿನ್ನ ಪುಡಿಯ ಸೊಕ್ಕು ಮುರಿಯುತ್ತದೆ."
ಮನೆಗೆ ಬಂದು ಮದುವೆಯ ಆಲ್ಬಂ ತೆಗೆದೆ.
ಕುಪ್ಯದ ಕಪ್ಪು ಇನ್ನೂ ಕಪ್ಪಾಗಿಯೇ ಇತ್ತು.

ಆಮೇಲೆ ದೇಚು ನನಗಿಂತ ದೊಡ್ಡ ನೀರುಗಂಟಿಯಾದಳು.
ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೀನುಪೆಟ್ಟಿಗೆಯಿಂದ
ಕೊಳೆ ತುಂಬಿದ ಸ್ಪಂಜಿನ ತುಂಡು ಬೇಡಿ ತಂದಳು.
ಕಣ್ಣಿಗೆ ಕಾಣದ ಜೀವಗಳಂತೆ ಅದರಲ್ಲಿ,
ಮೀನಿನ ಹೊಲಸು ತಿಂದು ಬದುಕುವಂಥವು.
ನಲ್ಲಿ ನೀರು ತಾಗಿದರೆ ಅವೂ ಸಾಯುತ್ತವೆ,
ಅದಕ್ಕೇ ಸ್ಪಂಜನ್ನು ಪೆಟ್ಟಿಗೆಯ ನೀರಲ್ಲೇ ಅದ್ದಿ ಹಿಂಡಬೇಕು,
ಅದೂ ಹೆಚ್ಚಲ್ಲ.
ಒಂದು ತಿಂಗಳು ಖಾಲಿ ಪೆಟ್ಟಿಗೆಗೆ
ದಿನಕ್ಕೊಂದು ಚಿಟಿಕೆ ಆಹಾರ ಹಾಕಿದಳು.
ಬಂದವರು ನಕ್ಕರು: ಇಲ್ಲದ ಮೀನಿಗೆ ಊಟ!
ಅವಳದ್ದೂ ಒಂದು ಗಾಜಿನ ನಳಿಕೆ ಈಗ, ಬೇರೆ ಹನಿ,
ಮದ್ದುಸೊಪ್ಪಿನ ಪಾಯಸದ ನೇರಳೆ ಬಂದರೆ ವಿಷ ಇನ್ನೂ ಇದೆ,
ಬಣ್ಣ ಬಾರದ ದಿನ ಮೀನು ತರಬಹುದು.
ಬಣ್ಣ ಬಾರದ ದಿನ, ಮಳೆಯಲ್ಲೇ,
ಇಬ್ಬರೂ ಸ್ಕೂಟರಿನಲ್ಲಿ ಗೋಣಿಕೊಪ್ಪಕ್ಕೆ ಹೋದೆವು.
ಐದಲ್ಲ, ಎರಡೇ ಸಾಕು ಅಂದಳು.

ಭಾನುವಾರ ಕಾಲು ಭಾಗ ನೀರು ಬದಲು.
ಶನಿವಾರ ರಾತ್ರಿಯೇ ಬಚ್ಚಲ ಪಕ್ಕ ಬಕೆಟು,
ಬಾಯಿ ತೆರೆದು ಇಟ್ಟದ್ದು,
ಮೇಲೊಂದು ರಟ್ಟು ಆನಿಸಿ, ಕೆಂಪು ಪೆನ್ನಿನಲ್ಲಿ:
ಮುಟ್ಟಬೇಡಿ. ನೀರು ಮಲಗಿದೆ.
ನಡುರಾತ್ರಿ ಎದ್ದವನು ಅದನ್ನು ಓದಿ
ಮೆಲ್ಲಗೆ ಹೆಜ್ಜೆ ಇಡುತ್ತೇನೆ, ನಗು ಬಂದರೂ.

ಈ ವರ್ಷವೂ ಹೊಳೆ ಕದಡಿತು, ಆದೇಶ ಬಂತು.
ವಾಲ್ವಿಗೆ ಕೈ ಹಾಕುವ ಮೊದಲು ಡಾಕ್ಟರಿಗೆ ಫೋನು,
ಇವತ್ತು ನೀರು ಬದಲಿಸಬೇಡಿ ಅಂತ.
ಆಮೇಲೆ ಮನೆಗೆ.
ನಿದ್ದೆಗಣ್ಣಿನ ದನಿ: "ಹಳದಿಯಾ?"
"ಕಿತ್ತಳೆ."
"ಹಾಗಾದರೆ ಎರಡು ಹರಳು" ಎಂದು ಫೋನಿಟ್ಟಳು.