ಇಳಿತದ ವೇಳೆ

ಇಪ್ಪತ್ತೊಂಬತ್ತು ವರ್ಷ ಅವರನ್ನೆಲ್ಲ ತಂದು ಇಲ್ಲಿ ಸುರಿದಿದ್ದೇನೆ,
ಸಾಯ್‌ಕುಂಗಿನ ಆಚೆ,
ಡಾಂಬರು ಮುಗಿದು ಕಾಲುದಾರಿ ಶುರುವಾಗುವಲ್ಲಿ.
ಭಾನುವಾರ ಬಂತೆಂದರೆ
ಬೆನ್ನಿಗೆ ಚೀಲ, ಕೈಗೆರಡು ಕೋಲು,
ಹೊಸ ಬೂಟಿನ ಕಿರುಗುಟ್ಟು,
ಕಿತ್ತಳೆ ಸಿಪ್ಪೆಯ ವಾಸನೆ ಬಸ್ಸಿನ ತುಂಬ.
ಸಂಜೆ ಅದೇ ಜನ ಹತ್ತುತ್ತಿದ್ದರು,
ಮೊಣಕಾಲುದ್ದ ಕೆಸರು, ಬಾಯಿ ಬಂದ್.
ಕಿಟಕಿಗೆ ತಲೆ ಆನಿಸಿದರೆ ಮುಗೀತು.

ಮೇಲೆ ಏನಿದೆ ಅಂತ ನಾನು ಕೇಳಲಿಲ್ಲ.
ನನಗಿದ್ದದ್ದು ಏಳು ನಿಮಿಷ:
ಶೌಚ, ಫ್ಲಾಸ್ಕಿನ ಚಹಾ, ಅರ್ಧ ಸಿಗರೇಟು.
ಉಳಿದರ್ಧ ಮುಂದಿನ ಟ್ರಿಪ್ಪಿಗೆ.

ರಿಟೈರಾದ ಮೂರನೇ ದಿನ ಯೂಕ್-ಕ್ವಾನ್ ಅಂದಳು:
ಇಷ್ಟಗಲ ಮನೆಯಲ್ಲಿ
ಹಗಲೂ ಇಬ್ಬರಿರಬೇಕೆಂದರೆ
ಒಬ್ಬರನ್ನು ಮೊಳೆ ಹೊಡೆದು ಗೋಡೆಗೆ ನೇತುಹಾಕಬೇಕು.
ಹೋಗು, ಎಲ್ಲಾದರೂ ಹೋಗು.

ಹೋದೆ. ಹಿರಿಯರ ಕಾರ್ಡಿಗೆ ಇಡೀ ನಗರ ಅಗ್ಗ.
ಮೊದಲು ಕೌಲೂನಿನ ಪಾರ್ಕು:
ಗುಲಾಬಿ ಕೊಕ್ಕರೆಗಳು ಒಂಟಿಕಾಲಲ್ಲಿ,
ಸಿಗ್ನಲ್ಲಿಗೆ ಕಾಯುವವರ ಹಾಗೆ.
ಆಮೇಲೆ ಹಕ್ಕಿತೋಟ. ಮುದುಕರು
ಪಂಜರಗಳನ್ನು ಕೊಂಬೆಗೆ ತೂಗುಹಾಕಿ
ಮೊಮ್ಮಕ್ಕಳ ಅಂಕ ಹೇಳಿಕೊಳ್ಳುವಂತೆ
ಹಾಡು ಹೋಲಿಸುತ್ತಿದ್ದರು.
ನನ್ನ ಹಕ್ಕಿ ಎಲ್ಲಿ ಅಂತ ಕೇಳಿದರು.
ಎದ್ದು ಬಂದೆ.

ಬೆಟ್ಟಕ್ಕೆ ಮಾತ್ರ ಹೋಗಿರಲಿಲ್ಲ. ಏನೋ ಸಂಕೋಚ.
ಊರೆಲ್ಲ ಉಂಡೆದ್ದ ಮೇಲೆ
ಬಡಿಸಿದವನು ಎಲೆಯ ಮುಂದೆ ಕೂತ ಹಾಗೆ.

ಕೊನೆಗೊಂದು ಭಾನುವಾರ, ಏರಿದೆ.
ಅರ್ಧ ಕಿಲೋಮೀಟರಿಗೊಂದು ನಂಬರಿನ ಕಂಬ;
ಪ್ರತಿ ಕಂಬಕ್ಕೂ ನಿಂತೆ. ಅಭ್ಯಾಸ.
ಯಾರೂ ಹತ್ತಲಿಲ್ಲ, ಇಳಿಯಲಿಲ್ಲ.
ಕಂದು ದನವೊಂದು ದಾರಿಗಡ್ಡ ಮಲಗಿ
ಮೆಲುಕು ಹಾಕುತ್ತ ನೋಡಿತು.
ಹಾರ್ನ್ ಹುಡುಕಿದ ಬಲಗೈ
ನಾಚಿಕೊಂಡು ಜೇಬಿಗೆ ಹೋಯಿತು.

ಇವತ್ತು ದ್ವೀಪ.
ಪುಟ್ಟ ದೋಣಿ, ಡೀಸೆಲ್ಲಿನ ಹೊಗೆ, ದಡದಲ್ಲಿ
ಬೇಕರಿ ಬನ್ನಿನಂತೆ ಮೇಲ್ಮೈ ಬಿರಿದ ಬಂಡೆಗಳು.
ನೀರು ಇಳಿದಾಗ ಸಮುದ್ರದ ನಡುವೆ
ಕಲ್ಲಿನದೊಂದು ಬೆನ್ನು ಏಳುತ್ತದೆ,
ಆಚೆಯ ನಡುಗಡ್ಡೆಗೆ ನಡೆದೇ ಹೋಗಬಹುದು.
ಇಳಿತ ಎರಡು ಹತ್ತಕ್ಕೆ, ಅಂದಿತು ಬೋರ್ಡು.
ಓದಿ ಖುಷಿಯಾಯಿತು.
ಕಡಲಿಗೂ ಒಂದು ಟೈಂಟೇಬಲ್ಲು,
ಅದಕ್ಕೂ ಯಾರೋ ಮೇಲಿನವರು.

ನಡುದಾರಿಯಲ್ಲಿ ಹಿಂದಿನಿಂದ ದನಿ: ಸೀಫೂ!
ಡ್ರೈವರನ್ನು ಇಲ್ಲಿ ಹಾಗೆ ಕರೆಯುತ್ತಾರೆ,
ಗುರು ಅಂದ ಹಾಗೆ; ಮರ್ಯಾದೆಯೂ ಹೌದು, ಸಲಿಗೆಯೂ ಹೌದು.
ವಾರ್ತಿನಿ ಅಂತೆ, ಜಾವಾದವಳು,
ಹನ್ನೊಂದು ವರ್ಷದಿಂದ ಯಾರದೋ ಮನೆಯ ಮಗುವನ್ನು
ಸಾಕಿ, ಈಗ ಅದರ ತಾತನನ್ನು ಸಾಕುತ್ತಿರುವವಳು.
ವಾರಕ್ಕೆ ಒಂದೇ ದಿನ ಅವಳದು.
ಮುಖ ನೋಡಿರಲಿಲ್ಲ ಸೀಫೂ, ಅಂದಳು,
ನಿಮ್ಮ ಕತ್ತು ಗೊತ್ತು. ಆ ಮಚ್ಚೆ ಗೊತ್ತು.
ತಿರುವಿನಲ್ಲಿ ಮೆಲ್ಲಗೆ ತಗೊಳ್ತಿದ್ರಿ,
ನಿದ್ದೆ ಕೆಡದ ಹಾಗೆ.

ಆಗ ಕೇಳಿದೆ. ಇಪ್ಪತ್ತೊಂಬತ್ತು ವರ್ಷ ಕೇಳದ್ದನ್ನು.
ಮೇಲೆ ಏನಿತ್ತು?
ಅವಳು ಚೀಲದಿಂದ ಟೆಂಪೆ ತೆಗೆದು ಮುರಿದು
ದೊಡ್ಡ ತುಂಡು ನನಗಿತ್ತಳು.
ಏನೂ ಇಲ್ಲ ಸೀಫೂ. ಗಾಳಿ.
ಅಲ್ಲಿ ನನ್ನ ಯಾರೂ ಕರೀತಿರಲಿಲ್ಲ.

ಮೂರು ಗಂಟೆಯ ಮೇಲೆ ನೀರು
ಎರಡೂ ಕಡೆಯಿಂದ ಒಳಗೆ ಬಂತು,
ಮಾತಾಡಿಕೊಂಡು ಬರುವ ನೆಂಟರ ಹಾಗೆ.
ಎಲ್ಲರೂ ದಾಟಿದರು. ನಾನು ತಿರುಗಿ ನೋಡಿದೆ,
ಕನ್ನಡಿ ಇರಬೇಕಾದ ಕಡೆ ಕಣ್ಣು ಹೋಯಿತು.
ಒಬ್ಬ ಹುಡುಗ ಉಳಿದಿದ್ದ,
ಏಡಿಯ ಹಿಂದೆ ಕುಕ್ಕರುಗಾಲಲ್ಲಿ.

ಬಸ್ಸಾಗಿದ್ದರೆ ಬಾಗಿಲು ಮುಚ್ಚುತ್ತಿದ್ದೆ.
ಶೂ ಕಳಚಿ ಕೈಯಲ್ಲಿ ಹಿಡಿದು ನಿಂತೆ.
ನೀರು ಮೀನಖಂಡಕ್ಕೆ ಬಂತು, ತಣ್ಣಗೆ.
ಬಾರೋ ಮಾರಾಯ, ಅಂದೆ,
ಆದರೆ ತುಂಬ ಜೋರಾಗಿ ಅಲ್ಲ.