ಬಾಡದ ತೋರಣ

ಪಾಡ್ಯ ಮುಗಿದ ಮೂರನೇ ದಿನ
ನಿಟ್ಟುವಳ್ಳಿಯ ನಮ್ಮ ಓಣಿಗೆ ಕಸದ ಗಾಡಿ ಬಂತು,
ಹಾಡು ಮುಂದೆ, ಉಚ್ಚಂಗೆಮ್ಮ ಹಿಂದೆ.

ಮೂಲೆಮನೆಯವರು ಮೂರು ಚೀಲ ಕೊಟ್ಟರು.
ಬಾಳೆಕಂದು, ಪಟಾಕಿಯ ಕೆಂಪು ಕಾಗದ, ಹೋಳಾದ ಬೂದುಗುಂಬಳ,
ಎಲ್ಲ ಒಂದರೊಳಗೊಂದು, ಮೇಲೆ ಬಿಗಿ ಗಂಟು.
ಉಚ್ಚಂಗೆಮ್ಮ ಗಂಟು ಬಿಚ್ಚಿದಳು, ಬೈಯಲಿಲ್ಲ.
ಬೈದಿದ್ದರೆ ವಾಸಿಯಿತ್ತು.

ನನ್ನ ಚೀಲ ಬೆನ್ನ ಹಿಂದೆ ಹಿಡಿದು
"ನಾಳೆ ಕೊಡ್ತೀನಿ" ಅಂದೆ.
ಒಳಗೆ ಬಂದು, ಹಳೇ ಪೇಪರು ಹಾಸಿ,
ಹಬ್ಬವನ್ನು ನೆಲಕ್ಕೆ ಸುರುವಿದೆ.

ಬಾಳೆಕಂದು ಸುಲಭ, ಕೊಟ್ರೇಶಿಯ ಎಮ್ಮೆಗೆ.
ಬೇಡವೆಂದರೂ ಒಂದು ಚೊಂಬು ಮಜ್ಜಿಗೆ ಕೊಟ್ಟು ಕಳಿಸಿದ.
ಚೆಂಡುಹೂ ಬಾಗಿಲಲ್ಲೇ ಅರ್ಧ ಒಣಗಿತ್ತು;
ಎಸಳು ಕಿತ್ತರೆ ಬುಡದಲ್ಲಿ ಸಣ್ಣ ಕರಿ ಬೀಜ.
ಚೀಟಿ ಕಟ್ಟಿ ಜೀರಿಗೆ ಡಬ್ಬಿಯ ಪಕ್ಕ ಇಟ್ಟೆ,
ಯಾರೂ ಒಗ್ಗರಣೆಗೆ ಹಾಕದಿದ್ದರೆ ಸಾಕು.
ದಾರವನ್ನು ಮೈದುನನ ಮಗ ಬಕ್ಕೇಶಿ
ಬೆರಳಿಗೆ ಸುತ್ತಿಕೊಂಡು ಓಡಿದ, ಗಾಳಿಪಟಕ್ಕಂತೆ.

ಹೊಸಿಲಲ್ಲಿ ಸಗಣಿ ಪಾಂಡವರು,
ಒಬ್ಬೊಬ್ಬರ ನೆತ್ತಿಗೂ ಉತ್ರಾಣಿ ಕಡ್ಡಿ ಸಿಗಿಸಿ
ನಮ್ಮತ್ತೆ ಕೂರಿಸಿದವರು,
ಬಿರುಕು ಬಿಟ್ಟಿದ್ದರು.
ಮಾಳಿಗೆ ಮೇಲೆ ಇನ್ನೆರಡು ಬಿಸಿಲು ಕಂಡರೆ ಕುಳ್ಳು;
ಕುಳ್ಳು ಉರಿದರೆ ಹಂಡೆಗೆ ಬಿಸಿನೀರು;
ಉಳಿದ ಬೂದಿಗೆ ಹಿತ್ತಾಳೆ ದೀಪ ಫಳಫಳ.
ಐವರಲ್ಲಿ ಒಬ್ಬರೂ ಚೀಲಕ್ಕೆ ಹೋಗಲಿಲ್ಲ.
ಹೋಗುವುದು ಹೇಗೆಂದು ಅವರಿಗೆ ಗೊತ್ತು.

ಕೊನೆಗೆ ಉಳಿದದ್ದು, ನಾನೇ ತಂದದ್ದು.
ಮಂಡಿಪೇಟೆಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ
ನೂರಾ ಇಪ್ಪತ್ತಕ್ಕೆ ಇಳಿಸಿದ ಪ್ಲಾಸ್ಟಿಕ್ ಮಾವಿನೆಲೆ ತೋರಣ.
"ಬಾಡೋದೇ ಇಲ್ಲ ಅಕ್ಕಾರೆ" ಅಂದಿದ್ದ ಅಂಗಡಿಯವ.
ಸುಳ್ಳು ಹೇಳಿರಲಿಲ್ಲ.
ಬಾಡಲು ಬಾರದ್ದಕ್ಕೆ
ಹೋಗಲೂ ಬಾರದು.

ಸೋಪಿನ ನೀರಲ್ಲಿ ಒಂದೊಂದೇ ಎಲೆ ತೊಳೆದೆ,
ಬರುವ ವರ್ಷಕ್ಕೆ, ಅದರಾಚೆಯ ವರ್ಷಕ್ಕೆ,
ಬಕ್ಕೇಶಿಯ ಮದುವೆಗೆ.
ಇಪ್ಪತ್ತೊಂದು ಇರಬೇಕು. ಇಪ್ಪತ್ತಿವೆ.
ಮತ್ತೆ ಎಣಿಸಿದೆ. ಇಪ್ಪತ್ತು.
ಇನ್ನೊಂದು ಮೋರಿಯಲ್ಲೋ,
ಬಾಳೆಕಂದಿಗೆ ಅಂಟಿಕೊಂಡು ಎಮ್ಮೆಯ ಹೊಟ್ಟೆಯಲ್ಲೋ?
ಕೊಟ್ರೇಶಿಯ ಮನೆಗೆ ಓಡಿದೆ.
ಎಮ್ಮೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.
ಏನೆಂದು ಕೇಳಲಿ?

ಮಾರನೇ ಬೆಳಿಗ್ಗೆ ಮತ್ತೆ ಹಾಡು, ಉಚ್ಚಂಗೆಮ್ಮ.
ಕೊಟ್ಟದ್ದು ಒಂದು ಹಿಡಿ:
ಸುರ್‌ಸುರ್‌ಬತ್ತಿಯ ತಂತಿ, ಕೆಟ್ಟ ಬಲ್ಬಿನ ಸರ.
ಅಂಗೈಯಲ್ಲಿ ತೂಗಿ ನೋಡಿದಳು.
"ಯಾಕವ್ವ, ಈ ಸಲ ಹಬ್ಬ ಮಾಡ್ಲಿಲ್ವಾ?"

ಮಾಡಿದೆವು ಅಂದೆ.
ಕಣ್ಣು ಮಾತ್ರ ಅವಳ ಗಾಡಿಯ ರಾಶಿಯಲ್ಲಿ
ಹಸಿರಾಗಿ ಏನಾದರೂ ಹೊಳೆಯುತ್ತದೆಯೇ ಎಂದು
ಹುಡುಕುತ್ತಲೇ ಇತ್ತು.