ತೋಳು, ತೋಳ

ತ್ಬಿಲಿಸಿಯಲ್ಲಿ ಒಂಬತ್ತನೇ ಮಹಡಿ,
ನಾಣ್ಯ ಹಾಕದೆ ಏರದ ಲಿಫ್ಟು.
ಬಾಲ್ಕನಿಯ ದಾರದಲ್ಲಿ ಸುಲಿದ ಪರ್ಸಿಮನ್ ಹಣ್ಣು,
ಅವನ್ನು ಸವರಿ ಒಳಗೆ ಬರುವ ಬಿಸಿಲೂ ಕಿತ್ತಳೆ.
ಬೇಡ, ಬೆರಳಿಗೆ ಕಾಮಾಲೆ ಬಂದಂತೆ ಕಾಣುತ್ತೆ,
ಅನ್ನುತ್ತಾಳೆ ಅಮ್ಮ, ಆ ಬೆರಳಲ್ಲೇ.

ಹಳೇ ಬೆಡ್‌ಶೀಟು ಕಟ್ಟಿ ಬೆಳಕು ಸೋಸಿದೆ.
ಇಸ್ತ್ರಿ ಹಲಗೆ, ಮೇಲೆ ಹಿಟ್ಟಿನ ಡಬ್ಬಿ,
ಅದಕ್ಕೊರಗಿ ಫೋನು.
ಹೂವಿನಂಗಿ ಕಳಚಿ ಕಪ್ಪು ಸ್ವೆಟರ್ ತೊಟ್ಟಳು:
ಹೂಗಳ ನಡುವೆ ಮಾತು ಕಳೆದುಹೋಗುತ್ತದಂತೆ.
ಮೊಣಕೈವರೆಗೂ ಹಿಡಿ, ಮುಖವೊಂದನ್ನೇ ಹಿಡಿದೆಯೋ
ಅರ್ಧ ಮಾತು ಹೊರಗೆ.

ಮೊದಲು ಒಳ್ಳೇ ಮೈಕು ಕೊಳ್ಳಿ,
ಗೋಡೆಗೆ ಕಂಬಳಿ ಹೊದಿಸಿ ಅಂದಿದ್ದ ಪಕ್ಕದ ಮನೆಯ ಬಾದ್ರಿ.
ಹೇಳಿದೆ. ನಕ್ಕಳು.
ಆ ನಗು ಬಾದ್ರಿಗೂ ಕೇಳಿಸಿರಬೇಕು,
ಅವಳಿಗೊಬ್ಬಳಿಗೆ ಬಿಟ್ಟು.

ಕುತಾಯಿಸಿಯ ಕಿವುಡು ಮಕ್ಕಳಿಗೊಂದು ಕತೆ. ಆರನೇ ಸಲ.
ಅವಳ ತೋಳೇ ತೋಳ,
ಹಳ್ಳ ಹಾರುವಾಗ ಕಿಟಕಿಗೆ ಮೋಡ ಅಡ್ಡ ಬಂತು.
ತೋಳವನ್ನು ಗಾಳಿಯಲ್ಲೇ ನಿಲ್ಲಿಸಿ
ಕಾದಳು.

ರಾತ್ರಿ ಕತ್ತರಿಸಲು ಕೂತು ಹೆಡ್‌ಫೋನ್ ಹಾಕಿದೆ.
ಉಣ್ಣೆಯ ಸರಸರ, ಉಂಗುರಕ್ಕೆ ಉಂಗುರ ಟಿಕ್ಕೆಂದದ್ದು,
ಮೇಲಿನವರ ಡ್ರಿಲ್ಲು, ಲಿಫ್ಟು.
ಮತ್ತೆ, ತೋಳ ಬಾಯಿ ತೆರೆದಾಗ
ಅಮ್ಮನ ಗಂಟಲಿಂದ
ಹೆಸರಿಲ್ಲದ ಒಂದು ಸಣ್ಣ ಸದ್ದು.

ಅಳಿಸಲಾ? ಕೇಳಿದೆ.
ಸದ್ದಿದೆಯಾ? ಎಷ್ಟು ದೊಡ್ಡದು?
ಎರಡು ಬೆರಳ ನಡುವೆ
ಗೋಧಿಕಾಳಿನಷ್ಟು ಸಂದಿ ಬಿಟ್ಟು ತೋರಿಸಿದೆ.
ನೋಡಿದಳು, ಆ ಸಂದಿಯನ್ನೇ, ತುಂಬಾ ಹೊತ್ತು.
ಇರಲಿ ಬಿಡು. ಅದು ತೋಳದ್ದು.